ಅಡಿಕೆ ಅಂಗಳದಲ್ಲಿದೆ, ಮಳೆ ಎಷ್ಟು ಹೊತ್ತಿಗೆ? ಮುನ್ಸೂಚನೆಗಳನ್ನು ಹೋಲಿಸಿ ನೋಡಿದ್ದು

ನಮ್ಮ ಮನೆ ಮುಳ್ಳೇರಿಯದ ಹತ್ತಿರ, ಕಾಸರಗೋಡಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ. ಅಡಿಕೆ ತೋಟದ ಮನೆ. ಮೇ ಕೊನೆಗೆ ಬಂದರೆ ‘ನಾಳೆ ಮದ್ದು ಬಿಡಬಹುದಾ’ ಅನ್ನುವ ಪ್ರಶ್ನೆ, ಮದ್ದು ಅಂದರೆ ಕೊಳೆರೋಗ ಬಾರದಂತೆ ಗೊನೆಗೆ ಸಿಂಪಡಿಸುವ ಮೈಲುತುತ್ತು-ಸುಣ್ಣದ ದ್ರಾವಣ. ಕೊಯ್ಲು ಶುರುವಾದ ಮೇಲೆ ‘ಅಂಗಳದ ಅಡಿಕೆ ಒಟ್ಟು ಮಾಡಬೇಕಾ’ ಅನ್ನುವ ಪ್ರಶ್ನೆ. ಮಳೆಗೆ ನೆನೆದು ಬೂಸ್ಟು ಹಿಡಿದ ಅಡಿಕೆಗೆ ಚಾಲಿಯ, ಅಂದರೆ ಚೆನ್ನಾಗಿ ಒಣಗಿಸಿ ಸುಲಿದ ಬಿಳಿ ಅಡಿಕೆಯ, ದರ ಸಿಗುವುದಿಲ್ಲ. ಮದ್ದು ಬಿಟ್ಟು ಗೊನೆ ಒಣಗುವ ಮೊದಲೇ ಮಳೆ ಹೊಡೆದರೆ ಮೈಲುತುತ್ತಿನ ದುಡ್ಡೂ ಹೋಯಿತು, ಕೂಲಿಯೂ ಹೋಯಿತು.

ಎರಡು ಮೂರು ವರ್ಷದಿಂದ ಹವಾಮಾನಕ್ಕೂ ಎಐ ಬಂದಿದೆ ಎಂಬ ಸುದ್ದಿ ಓದುತ್ತಲೇ ಇದ್ದೇನೆ. ಇಷ್ಟೆಲ್ಲ ಆಗಿದ್ದರೆ ನಮ್ಮ ಅಂಗಳಕ್ಕೆ ಅದರಿಂದ ಏನು ಸಿಗುತ್ತದೆ ಎಂದು ನೋಡಬೇಕು ಅನ್ನಿಸಿತು. 2025ರ ಮೇ ತಿಂಗಳಿಂದ ಈ ಕೊಯ್ಲಿನವರೆಗೆ ದಿನಾ ಬೆಳಿಗ್ಗೆ ಬೇರೆ ಬೇರೆ ಮುನ್ಸೂಚನೆ ನೋಡಿ, ಅಪ್ಪನ ಮಳೆ ಪುಸ್ತಕದ ಬದಿಯಲ್ಲೇ ಬರೆದಿಟ್ಟೆ. ಅಪ್ಪ ಮಳೆಮಾಪಕದ ಲೆಕ್ಕ ಬರೆಯುತ್ತಾರೆ. ಹಾಗಾಗಿ ಯಾವುದು ಸರಿ, ಯಾವುದು ತಪ್ಪು ಎಂದು ನೋಡಲು ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೊದಲು ಫೋನ್ ಜೊತೆಗೇ ಬಂದ ಆ್ಯಪ್. ಇದನ್ನು ಬೇಗ ಮುಗಿಸುತ್ತೇನೆ. ಜೂನ್, ಜುಲೈ ಇಡೀ ಒಂದೇ ಮೋಡದ ಚಿತ್ರ, ಒಂದೇ ಹನಿ. ಶೇ. 80, ಶೇ. 90. ಮಳೆಗಾಲದಲ್ಲಿ ಮಳೆ ಬರುತ್ತದೆ ಎಂದು ಹೇಳಲು ಆ್ಯಪ್ ಬೇಡ. ನಮಗೆ ಬೇಕಾದದ್ದು ನಡುವಿನ ಒಣ ಆರು ಗಂಟೆ ಯಾವುದು ಅನ್ನುವುದು. ನವೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಶೇ. 20 ತೋರಿಸಿತು. ಮಧ್ಯಾಹ್ನ ಮೂರೂವರೆಗೆ ಸುರಿದ ಮಳೆಗೆ ಟಾರ್ಪಾಲಿನ ಅಡಿಯಲ್ಲಿ ನೀರು ಹರಿದು ಒಂದು ಮೂಲೆಯ ಅಡಿಕೆ ಪೂರ್ತಿ ನೆನೆಯಿತು. ಶೇ. 20 ಅಂದರೆ ಐದರಲ್ಲಿ ಒಂದು ಸಲ ಬರುತ್ತದೆ ಎಂದೇ ಅರ್ಥ, ಅದು ನನಗೂ ಗೊತ್ತು. ಆದರೆ ಅಂಗಳದಲ್ಲಿ ಅಡಿಕೆ ಹರಡಿ ನಿಂತವರಿಗೆ ಆ ಲೆಕ್ಕದಿಂದ ಕೆಲಸ ಆಗುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ ಹಾಗಲ್ಲ. ಅದಕ್ಕೆ ಖಚಿತ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ಕ್ಕಿಂತ ಮೇಲೆ ಹೋದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಬರುವುದು ಇದರ ಮೇಲೆ. ಗಡಿಯ ನಮಗೆ ಇಲ್ಲೊಂದು ಅನುಕೂಲ ಉಂಟು. ಕಾಸರಗೋಡು ಜಿಲ್ಲೆಯ ಮುನ್ಸೂಚನೆ ತಿರುವನಂತಪುರದಿಂದ ಬರುತ್ತದೆ. ಪಕ್ಕದ ದಕ್ಷಿಣ ಕನ್ನಡದ್ದು ಬೆಂಗಳೂರಿನಿಂದ. ಎರಡನ್ನೂ ನೋಡುತ್ತೇನೆ. ಎರಡೂ ಕಡೆ ಕಿತ್ತಳೆ ಇದ್ದರೆ ತೋಟಕ್ಕೆ ಯಾರನ್ನೂ ಕರೆಯುವುದಿಲ್ಲ, ಹೊಳೆ ಬದಿಯ ಪಂಪು ಮೇಲೆ ತರಿಸುತ್ತೇವೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದು ಇಡೀ ಜಿಲ್ಲೆಗೆ, ಇಡೀ ದಿನಕ್ಕೆ ಹೇಳುವ ಮಾತು. ಮಂಜೇಶ್ವರದ ಕಡಲ ಬದಿಗೂ ಮುಳ್ಳೇರಿಯದ ಗುಡ್ಡಕ್ಕೂ ಒಂದೇ ಬಣ್ಣ. ಅಂಗಳದ ಪ್ರಶ್ನೆಯನ್ನು ಅದರ ಹತ್ತಿರ ಕೇಳುವುದೇ ಸರಿಯಲ್ಲ.

ಇನ್ನೊಂದು ಕಲಿತೆ. 2025ರಲ್ಲಿ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು. ವಾಡಿಕೆಯ ದಿನ ಜೂನ್ 1. ಅಷ್ಟು ಬೇಗ ಬಂದದ್ದು 2009ರ ನಂತರ ಅದೇ ಮೊದಲು. ಇಲಾಖೆ ಹೇಳಿದ್ದು ಮೇ 27, ನಾಲ್ಕು ದಿನ ಹಿಂದೆ ಮುಂದೆ ಆಗಬಹುದು ಎಂದು. 24 ಆ ಲೆಕ್ಕದ ಒಳಗೇ ಇತ್ತು. ನಾವು 27 ಮಾತ್ರ ಕೇಳಿಸಿಕೊಂಡು, 25ಕ್ಕೆ ಮದ್ದಿನವರನ್ನು ಕರೆದಿದ್ದೆವು. ಅಪ್ಪ ಮಾತ್ರ ‘ಪತ್ತನಾಜೆಗೆ ಹತ್ತು ಹನಿ ಬೀಳದೆ ಇರುವುದಿಲ್ಲ, ಮೊದಲೇ ಮುಗಿಸುವ’ ಎಂದಿದ್ದರು. ಪತ್ತನಾಜೆ ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುವುದು. ಅದೂ ಮುಂಗಾರೂ ಆ ವರ್ಷ ಒಟ್ಟಿಗೇ ಬಂದಂತಾಯಿತು. ಹಾಗೆಂದು ಪತ್ತನಾಜೆ ನೋಡಿ ಮದ್ದು ಬಿಡಲು ಆಗುವುದಿಲ್ಲ, ಅದು ಪ್ರತಿ ವರ್ಷ ಅದೇ ದಿನಕ್ಕೆ ಬರುತ್ತದೆ, ಮಳೆ ಹಾಗೆ ಬರುವುದಿಲ್ಲ. ಆದರೆ ಮೇ 20ರ ಒಳಗೆ ಮೊದಲ ಮದ್ದು ಮುಗಿಸುವುದು ಅನ್ನುವ ಹಳಬರ ಅಭ್ಯಾಸದಲ್ಲಿ ವಿವೇಕ ಇದೆ ಎಂದು ಈಗ ನನಗೆ ಖಾತ್ರಿ.

ಅಂದಹಾಗೆ, ಮುಂಗಾರು ಬಂತು ಎಂದು ಘೋಷಿಸಲು ಇಲಾಖೆ 14 ಮಳೆ ಕೇಂದ್ರಗಳನ್ನು ನೋಡುತ್ತದೆ. ಮೇ 10ರ ನಂತರ ಅವುಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಜಾಸ್ತಿ ಮಳೆ ಆಗಬೇಕು. ಜೊತೆಗೆ ಗಾಳಿ, ಮೋಡದ ಲೆಕ್ಕವೂ ಸರಿಹೋಗಬೇಕು. ಆ 14ರಲ್ಲಿ ನಮ್ಮ ಕಾಸರಗೋಡಿನ ಕೂಡ್ಲು ಒಂದು, ಮಂಗಳೂರು ಇನ್ನೊಂದು. ದೇಶದ ಮುಂಗಾರಿನ ಲೆಕ್ಕದಲ್ಲಿ ಕೂಡ್ಲಿನ ಮಳೆಮಾಪಕದ ಹನಿಯೂ ಸೇರುತ್ತದೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಈಗ ಎಐ. 2023ರ ನವೆಂಬರ್‌ನಲ್ಲಿ ಗೂಗಲ್ ಡೀಪ್‌ಮೈಂಡ್‌ನವರ ಗ್ರಾಫ್‌ಕಾಸ್ಟ್ ಬಗ್ಗೆ ಓದಿದ್ದು ಇನ್ನೂ ನೆನಪಿದೆ. ಹಳೆಯ ಕ್ರಮದಲ್ಲಿ ಸೂಪರ್ ಕಂಪ್ಯೂಟರ್ ಗಾಳಿ, ಒತ್ತಡ, ತೇವದ ಸಮೀಕರಣಗಳನ್ನು ಗಂಟೆಗಟ್ಟಲೆ ಬಿಡಿಸುತ್ತದೆ. ಗ್ರಾಫ್‌ಕಾಸ್ಟ್ 1979ರಿಂದ 2017ರವರೆಗಿನ ಹವಾಮಾನದ ದಾಖಲೆ ನೋಡಿ ಕಲಿತದ್ದು. ಇವತ್ತಿನ ಸ್ಥಿತಿ ಕೊಟ್ಟರೆ ಮುಂದಿನ ಹತ್ತು ದಿನದ್ದನ್ನು ಒಂದು ನಿಮಿಷದ ಒಳಗೆ ಹೇಳುತ್ತದೆ. ಅಪ್ಪನಿಗೆ ವಿವರಿಸಿದಾಗ, ‘ಅಜ್ಜ ಮಾಡುತ್ತಿದ್ದದ್ದೂ ಅದೇ ಅಲ್ವಾ, ಹಳೆಯ ಮಳೆ ನೋಡಿ ಹೊಸ ಮಳೆ ಹೇಳುವುದು’ ಎಂದರು. ಆ ಮಾತು ಸರಿಯಾಗಿಯೇ ಇದೆ. 2025ರ ಫೆಬ್ರವರಿಯಲ್ಲಿ ಯುರೋಪಿನ ಹವಾಮಾನ ಕೇಂದ್ರ ಎಐಎಫ್‌ಎಸ್ ಎಂಬ ತನ್ನ ಎಐ ಮಾದರಿಯನ್ನು ದಿನನಿತ್ಯದ ಬಳಕೆಗೆ ಇಳಿಸಿತು. ಅದರ ನಕ್ಷೆಗಳು ಆ ಕೇಂದ್ರದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ. ನಾನು ನೋಡಿದ್ದು ಅದನ್ನೇ.

ನಿಜ ಹೇಳಬೇಕೆಂದರೆ, ಐದಾರು ದಿನದ ಮುಂಚಿನ ಮಾತಿಗೆ ನನಗೆ ಇದೇ ಅತ್ಯುತ್ತಮ ಅನ್ನಿಸಿತು. ಎರಡನೇ ಮದ್ದು ಬಿಡುವುದು ಮೊದಲನೆಯದರಿಂದ 40–45 ದಿನಕ್ಕೆ. ಅಂದರೆ ಸುರಿಮಳೆಯ ನಡುವೆಯೇ. ಜುಲೈಯಲ್ಲಿ ಪಡುಗಾಳಿ ಸಡಿಲ ಆಗಿ ಮಳೆ ಹಿಂದೆ ಸರಿಯುವ ದಿನಗಳನ್ನು ಅದು ಐದು ದಿನ ಮೊದಲೇ ತೋರಿಸಿತು. ಮದ್ದು ಬಿಡುವವರು ಕರೆದ ದಿನ ಸಿಗುವವರಲ್ಲ. ಐದು ದಿನ ಮೊದಲು ಹೇಳಿದ್ದರಿಂದ ಅವರು ಸಿಕ್ಕಿದರು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಇಡಲು ಆಗುವುದಿಲ್ಲ. ಎರಡು ದಿನ ಬಿಸಿಲು ಕಾಣದಿದ್ದರೂ ಮಳೆ ಬರಲಿಲ್ಲ. ಗೊನೆಗಳ ಮೇಲೆ ಮದ್ದಿನ ನೀಲಿ ಒಣಗಿ ಕೂತದ್ದನ್ನು ತೋಟದಲ್ಲಿ ನಿಂತು ನೋಡಿದೆ. ಅಷ್ಟು ದೂರದ ಒಂದು ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಅದೇ ಮಾದರಿ ನವೆಂಬರ್‌ನಲ್ಲಿ ಸುಮ್ಮನಾಯಿತು. ಕಾರಣ ಹುಡುಕಿದಾಗ ಸರಳವಾಗಿತ್ತು. ಅದರ ಒಂದೊಂದು ಚೌಕ ಸುಮಾರು 28 ಕಿ.ಮೀ. ಅಗಲ. ಕಾಸರಗೋಡು ಪೇಟೆಯಿಂದ ಮುಳ್ಳೇರಿಯಕ್ಕೆ ನೇರ ಗೆರೆಯಲ್ಲಿ 20 ಕಿ.ಮೀ. ಕಡಲು, ಬೋವಿಕ್ಕಾನ, ನಮ್ಮ ಅಂಗಳ ಎಲ್ಲ ಒಂದೇ ಚೌಕದಲ್ಲಿ ಹಿಡಿಯುತ್ತದೆ. ತುಲಾ ಮಳೆಯ, ಅಂದರೆ ಮುಂಗಾರು ಮುಗಿದ ಮೇಲೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬರುವ ಮಳೆಯ, ಗುಡುಗಿನ ಮೋಡ ಅದಕ್ಕಿಂತ ಎಷ್ಟೋ ಚಿಕ್ಕದು. ನಮ್ಮ ದೇಶದ್ದೇ ಆದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ 26ರಂದು ಶುರುವಾಯಿತು. ಪುಣೆಯ ಐಐಟಿಎಂ ಎಂಬ ಕೇಂದ್ರ ಸರಕಾರದ ಹವಾಮಾನ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ್ದು. ಅದರ ಚೌಕ 6 ಕಿ.ಮೀ. ಲೆಕ್ಕಕ್ಕೆ ನಮಗೆ ಹತ್ತಿರವಾದದ್ದು ಅದು. ಅದರ ಮೇಲೆ ನನಗೆ ಜಾಸ್ತಿ ಭರವಸೆ ಇದೆ, ಆದರೆ ಅದನ್ನು ಇನ್ನೂ ಒಂದು ಕೊಯ್ಲು ಪೂರ್ತಿ ನೋಡಿ ಹೇಳಬೇಕು.

ಹಾಗಾದರೆ ಅಂಗಳಕ್ಕೆ ಯಾವುದು? ನಾನು ನಿರೀಕ್ಷಿಸದ ಎರಡು.

ಒಂದು ದಾಮಿನಿ. ಇದೂ ಐಐಟಿಎಂನವರದ್ದೇ ಆ್ಯಪ್. ಇರುವುದು ಮಳೆಗಲ್ಲ, ಸಿಡಿಲಿಗೆ. ನಾವಿರುವ ಜಾಗದ ಸುತ್ತ 20 ಕಿ.ಮೀ., 40 ಕಿ.ಮೀ.ಗಳ ಎರಡು ವೃತ್ತ. ಕಳೆದ 5, 10, 15 ನಿಮಿಷಗಳಲ್ಲಿ ಸಿಡಿಲು ಬಿದ್ದ ಕಡೆ ಬೇರೆ ಬೇರೆ ಬಣ್ಣದ ಗುರುತು. ತುಲಾ ಮಳೆ ನಮಗೆ ಬರುವುದು ಮಧ್ಯಾಹ್ನದ ಮೇಲೆ, ಮೂಡುದಿಕ್ಕಿನಿಂದ, ಘಟ್ಟದ ಕಡೆಯಿಂದ. ಸಿಡಿಲಿನ ಗುರುತುಗಳು ದೊಡ್ಡ ವೃತ್ತದ ಪೂರ್ವದ ಅಂಚಿನಲ್ಲಿ ಕಂಡು, ಹತ್ತು ನಿಮಿಷದ ನಂತರ ನೋಡಿದಾಗ ಒಳಗೆ ಸರಿದಿದ್ದರೆ ಮೋಡ ನಮ್ಮತ್ತ ಹೊರಟಿದೆ ಎಂದೇ ಲೆಕ್ಕ.

ಎರಡನೆಯದು ಸುಳ್ಯದ ಚಿಕ್ಕಮ್ಮ. ಒಂದು ಮಧ್ಯಾಹ್ನ ಗಂಟೆ ಎರಡೂವರೆ. ಅಂಗಳದಲ್ಲಿ ಚುರುಗುಟ್ಟುವ ಬಿಸಿಲು, ಕಾಲಿಟ್ಟರೆ ಅಡಿಕೆ ಸುಡುತ್ತಿತ್ತು. ದಾಮಿನಿಯಲ್ಲಿ ಸುಳ್ಯದ ಆಚೆ ಏಳೆಂಟು ಗುರುತು. ಫೋನ್ ಮಾಡಿದೆ. ‘ಇಲ್ಲಿ ಜೋರು ಬರ್ತಾ ಉಂಟು ಮಗಾ, ಗಾಳಿಯೂ ಉಂಟು. ನಿಮ್ಮದು ಒಟ್ಟು ಮಾಡಿ ಆಯ್ತಾ?’ ಎಂದರು. ಹಿಂದಿನಿಂದ ಶೀಟಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಅಮ್ಮ, ನಾನು, ಅಪ್ಪ ಮೂವರೂ ಇಳಿದೆವು. ಗುಡ್ಡೆ ಮಾಡಿ, ಗೋಣಿ ಹಾಸಿ, ಟಾರ್ಪಾಲು ಹೊದೆಸಿ, ಸುತ್ತ ಕಲ್ಲಿಟ್ಟು ಮುಗಿಸುವಾಗ 3.20. ಮೊದಲ ಹನಿ ಬಿದ್ದದ್ದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಆ ದಿನ ನಾನು ನೋಡಿದ್ದ ಎರಡು ಮಾದರಿಗಳಲ್ಲಿ ಒಂದು ಮಳೆ ಇಲ್ಲ ಎಂದಿತ್ತು, ಇನ್ನೊಂದು ರಾತ್ರಿಗೆ ಎಂದಿತ್ತು.

ಮುಂದೆ ಬದಲಾವಣೆ ಬರುವುದು ಹೀಗೆ ಒಂದೆರಡು ಗಂಟೆ ಮೊದಲು ಮಳೆ ಹೇಳುವ ಕೆಲಸದಲ್ಲಿ ಎಂದು ನನ್ನ ಊಹೆ. 2021ರಲ್ಲೇ ಡೀಪ್‌ಮೈಂಡ್‌ನವರು ಬ್ರಿಟನ್ನಿನ ಹವಾಮಾನ ಕಚೇರಿಯ ಜೊತೆ ಸೇರಿ, ರಾಡಾರ್ ಚಿತ್ರ ನೋಡಿ ಮುಂದಿನ ಒಂದೂವರೆ ಗಂಟೆಯ ಮಳೆ ಹೇಳುವ ಎಐ ತೋರಿಸಿದ್ದರು. ಹತ್ತು ದಿನದ ಮಾದರಿಯಷ್ಟು ಸುದ್ದಿ ಅದಕ್ಕೆ ಆಗಲಿಲ್ಲ. ನಮ್ಮಂಥವರಿಗೆ ಬೇಕಾದದ್ದು ಅದು. ಆದರೆ ಅದಕ್ಕೆ ರಾಡಾರ್ ಹತ್ತಿರ ಇರಬೇಕು. ಕೊಚ್ಚಿಯ ರಾಡಾರ್ ನಮ್ಮಿಂದ 300 ಕಿ.ಮೀ. ದೂರ. ಭೂಮಿ ದುಂಡಗಿರುವುದರಿಂದ ಅದರ ಕಿರಣ ನಮ್ಮ ಮೇಲೆ ಬರುವಾಗ ಹಲವು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಕೆಳಗಿನ ಮಳೆ ಕಾಣುವುದಿಲ್ಲ. ರಾಡಾರ್ ಹತ್ತಿರ ಇದ್ದು, ಮಳೆ ಪುಸ್ತಕ ಬರೆಯುವ ನಮ್ಮ ಕಡೆಯ ಮನೆಗಳ ಲೆಕ್ಕವೂ ಸೇರಿದರೆ ಅಂಗಳದ ಮಳೆ ಹೇಳುವುದು ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಫೋನಿನ ದಾರಿಯನ್ನೇ ಗಟ್ಟಿ ಮಾಡುತ್ತಿದ್ದೇನೆ. ಸುಳ್ಯದಿಂದ ನಮ್ಮಲ್ಲಿಗೆ ಮಳೆ ಬರಲು ಒಂದು ಗಂಟೆ ಚಿಲ್ಲರೆ ಬೇಕು, ಆದರೆ ಕೆಲವು ಮೋಡ ನಡುವೆಯೇ ಹುಟ್ಟುತ್ತದೆ. ಅದಕ್ಕೆ ಜಾಲ್ಸೂರಿನಲ್ಲಿ ಒಬ್ಬರನ್ನು ಕೇಳಿದೆ, ಮಳೆ ಶುರುವಾದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ ಎಂದಿದ್ದಾರೆ. ಅಡೂರಿನ ಕಡೆ ಇನ್ನೊಬ್ಬರು ಸಿಗಬೇಕು.