ಕೌದಿಯೋ ದಿಂಬೋ, ಲಂಗೋಟಿಯೋ ಡೈಪರೋ: ರಾಯಚೂರಿನ ಬಿಸಿಲಲ್ಲಿ ನಾನು ಹಾಕಿ ನೋಡಿದ್ದು

ಬಸುರಿನ ಹದಿನಾಲ್ಕನೇ ವಾರಕ್ಕೆ ವಾಂತಿ ನಿಂತಿತು. ಅಲ್ಲಿಯವರೆಗೆ ಒಗ್ಗರಣೆ ವಾಸನೆ ಬಂದರೂ ಎದ್ದು ಹೊರಗೆ ಹೋಗುತ್ತಿದ್ದೆ. ಆಮೇಲೆ ಮೈಗೆ ಜೀವ ಬಂದಂತಾಯಿತು. ಹೊಟ್ಟೆಯೂ ಇನ್ನೂ ಭಾರವಾಗಿರಲಿಲ್ಲ. ಬೇಕಾದ್ದನ್ನೆಲ್ಲ ಈಗಲೇ ನೋಡಿಟ್ಟುಕೊಳ್ಳೋಣ ಅಂತ ಗಟ್ಟಿ ಮನಸ್ಸು ಮಾಡಿದೆ.

ನನ್ನ ದಿನ ತುಂಬುವುದು ಆಗಸ್ಟ್ ಕೊನೆಗೆ. ಅಂದರೆ ನಡುವಿನ ತಿಂಗಳುಗಳು ಪೂರ್ತಿ ಬೇಸಿಗೆಯವು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಮ್ಮದು ಮೇಲಿನ ಮಹಡಿಯ ಬಾಡಿಗೆ ಮನೆ. ಬೋರ್‌ವೆಲ್ ನೀರು, ಬಲು ಗಡಸು. ಬೆಂಗಳೂರಿನ ಗೆಳತಿ ತನಗೆ ಸರಿಹೋದದ್ದನ್ನೆಲ್ಲ ಪ್ರೀತಿಯಿಂದ ಬರೆದು ಕಳಿಸಿದ್ದಳು. ಅದರಲ್ಲಿ ಅರ್ಧ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಹಿರಿಯರು ಹೇಳಿದ್ದೂ ಎಲ್ಲವೂ ನಡೆಯಲಿಲ್ಲ. ಹಾಗಾಗಿ ಒಂದೊಂದನ್ನೂ ಎರಡು ಮೂರು ರೀತಿ ಮಾಡಿ ನೋಡಿದೆ.

ಮೊದಲು ಮಲಗುವ ವಿಷಯ. ಹೊಟ್ಟೆ ಬೆಳೆದಂತೆ ಮಗ್ಗುಲಾಗಿ ಮಲಗುವುದನ್ನು ರೂಢಿ ಮಾಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ನನಗೋ ಬೆನ್ನ ಮೇಲೆ ಮಲಗುವ ಚಟ. ಆನ್‌ಲೈನಿನಲ್ಲಿ 1,600 ರೂಪಾಯಿ ಕೊಟ್ಟು ದೊಡ್ಡ ಯು ಆಕಾರದ ದಿಂಬು ತರಿಸಿದೆ. ಮೆತ್ತಗಿತ್ತು, ಬೆನ್ನಿಗೂ ಹೊಟ್ಟೆಗೂ ಒಟ್ಟಿಗೇ ಆಸರೆ ಕೊಡುತ್ತಿತ್ತು. ಮಾರ್ಚ್ ನಡುವಿನವರೆಗೆ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಸೆಕೆ ಶುರುವಾಯಿತು. ಒಳಗಿರುವುದು ಪಾಲಿಯೆಸ್ಟರ್, ಎರಡೂ ಕಡೆಯಿಂದ ಮೈಗೆ ಅಂಟಿಕೊಂಡೇ ಇರುತ್ತದೆ. ನಡುರಾತ್ರಿ ಎದ್ದರೆ ಬೆನ್ನು ಪೂರ್ತಿ ತೊಯ್ದಿರುತ್ತಿತ್ತು. ಕರೆಂಟ್ ಹೋದರಂತೂ ಅದನ್ನು ತಬ್ಬಿಕೊಳ್ಳುವುದು ಸಾಧ್ಯವೇ ಇರಲಿಲ್ಲ.

ಅವ್ವ ಬಂದವಳು ನೋಡಿ, "ಅಷ್ಟು ರೊಕ್ಕ ಕೊಟ್ಟು ತಂದೀಯೇನು? ಮನ್ಯಾಗ ಕೌದಿ ಏನ್ ಕಮ್ಮಿ ಅದಾವು?" ಅಂದಳು. ಊರಿಂದ ಮೂರು ಕೌದಿ ಕಳಿಸಿದಳು. ಹಳೆ ನೂಲಿನ ಸೀರೆಗಳನ್ನು ಪದರ ಪದರ ಜೋಡಿಸಿ ಕೈಯಲ್ಲಿ ಹೊಲಿದವು. ಒಂದನ್ನು ಸುರುಳಿ ಸುತ್ತಿ ಮೊಣಕಾಲುಗಳ ನಡುವೆ ಇಟ್ಟೆ, ಇನ್ನೊಂದನ್ನು ಬೆನ್ನ ಹಿಂದೆ. ಮೂರನೆಯದನ್ನು ಎರಡು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ ತುರುಕಿದೆ. ನೂಲು ಬೆವರನ್ನು ಹೀರುತ್ತದೆ, ತಂಪಾಗಿರುತ್ತದೆ. ಹೊಟ್ಟೆಯ ಕೆಳಗೆ ಎಷ್ಟು ಎತ್ತರ ಬೇಕೋ ಅಷ್ಟೇ ಮಡಚಬಹುದು, ವಾರ ವಾರಕ್ಕೆ ಹೊಟ್ಟೆ ಬೆಳೆದಂತೆ ಬದಲಿಸಬಹುದು. ಆ ದೊಡ್ಡ ದಿಂಬಿನಲ್ಲಿ ಇದು ಆಗುವುದಿಲ್ಲ. ತೊಂದರೆ ಒಂದೇ, ರಾತ್ರಿ ಹೊರಳಿದಾಗ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ಎರಡೂ ತುದಿಗೆ ಲಂಗದ ಲಾಡಿ ಕಟ್ಟಿದ ಮೇಲೆ ಅದೂ ಸರಿಹೋಯಿತು. ಈಗ ಯು ದಿಂಬು ಗೋಡೆಗೆ ಒರಗಿದೆ, ಕೂತು ಪೇಪರ್ ತಿದ್ದುವಾಗ ಬೆನ್ನಿಗೆ ಬೇಕಾಗುತ್ತದೆ. ನಿಮಗೆ ಏಪ್ರಿಲ್‌ನಲ್ಲಿ ಐದನೇ ತಿಂಗಳು ಬರುವುದಾದರೆ ದುಡ್ಡು ಉಳಿಸಿ, ಕೌದಿಯನ್ನೇ ಸುತ್ತಿಕೊಳ್ಳಿ.

ಕಬ್ಬಿಣದ ಗುಳಿಗೆಯ ಕತೆ ಇದಕ್ಕಿಂತ ದೊಡ್ಡದು, ಯಾಕಂದರೆ ಇಲ್ಲಿ ಎರಡು ತಿಂಗಳು ನಾನು ತಪ್ಪು ಮಾಡಿದೆ.

ಮೊದಲ ಸಲ ರಕ್ತ ನೋಡಿದಾಗ ಹಿಮೋಗ್ಲೋಬಿನ್ 9.8 ಇತ್ತು. ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ರಕ್ತ ಸರಿಯಿದ್ದವರಿಗೆ ದಿನಕ್ಕೊಂದರಂತೆ 180 ದಿನ. ನನಗೆ ಕಡಿಮೆ ಇದ್ದದ್ದರಿಂದ ದಿನಕ್ಕೆ ಎರಡು ಹೇಳಿದರು. ನಾನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ರಾತ್ರಿ ಮಲಗುವಾಗ ಒಂದು ನುಂಗಿದೆ. ಬೆಳಗಿನದು ಹೊಟ್ಟೆ ತೊಳಸುತ್ತಿತ್ತು. ರಾತ್ರಿಯದು ಎದೆ ಉರಿಸುತ್ತಿತ್ತು. ಮೂರು ದಿನ ನುಂಗಿದರೆ ಎರಡು ದಿನ ಬಿಡುತ್ತಿದ್ದೆ. ಹತ್ತೊಂಬತ್ತನೇ ವಾರಕ್ಕೆ ನೋಡಿದರೆ 9.6 ಆಗಿತ್ತು, ಏರುವ ಬದಲು ಇಳಿದಿತ್ತು. ಅವತ್ತು ನಿಜವಾಗಿ ಹೆದರಿದೆ.

ಖಾಸಗಿಯಲ್ಲಿ ಬೇರೆ ಕಂಪನಿಯ ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಕೆಂಪು ಗುಳಿಗೆ ನಿಲ್ಲಿಸಿ ಎರಡು ವಾರ ಅದನ್ನೇ ತಗೊಂಡೆ. ತೊಳಸುವುದು ಸ್ವಲ್ಪ ಕಡಿಮೆಯಾಯಿತು, ಅದು ನಿಜ. ಆದರೆ ಮಲಬದ್ಧತೆ ಹಾಗೇ ಇತ್ತು, ಬೆಲೆಯೂ ಜಾಸ್ತಿ.

ಆಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ಒಂದೇ ಒಂದು ಪ್ರಶ್ನೆ ಕೇಳಿದರು. "ಟೀಚರ್, ಗುಳಿಗಿ ನುಂಗಿ ಚಹಾ ಕುಡಿತೀರೇನು?" ಹೌದು, ಬೆಳಿಗ್ಗೆ ಗುಳಿಗೆ ನುಂಗಿದ ಹತ್ತು ನಿಮಿಷಕ್ಕೆ ಚಹಾ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾತ್ರಿ ಊಟವಾದ ಮೇಲೆ ಕ್ಯಾಲ್ಸಿಯಂ ನುಂಗಿ, ಅದರ ಬೆನ್ನಿಗೇ ಕಬ್ಬಿಣದ್ದನ್ನೂ ನುಂಗುತ್ತಿದ್ದೆ. ಎರಡರ ನಡುವೆ ಕನಿಷ್ಠ ಎರಡು ತಾಸು ಬಿಡಬೇಕಂತೆ. ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡಿನ ಹಿಂದೆ ಸಿಸ್ಟರ್ ಪೆನ್ನಿನಲ್ಲಿ ಬರೆದುಕೊಟ್ಟರು: ನಾಷ್ಟಾ ಆದ ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಕಬ್ಬಿಣ, ಸಂಜೆ ಐದಕ್ಕೆ ಇನ್ನೊಂದು ಕಬ್ಬಿಣ, ರಾತ್ರಿ ಊಟಕ್ಕೆ ಕ್ಯಾಲ್ಸಿಯಂ. ಕಬ್ಬಿಣದ ಜೊತೆ ನಿಂಬೆಹಣ್ಣಿನ ನೀರು. ಚಹಾ ಬೆಳಿಗ್ಗೆ ಒಂದು ಸಲ ಮಾತ್ರ.

ಮತ್ತೆ ಅದೇ ಕೆಂಪು ಗುಳಿಗೆಗೆ ಬಂದೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ನಿಂಬೆ ನೀರಿನ ಜೊತೆ ನುಂಗಿದರೆ ತೊಳಸಲೇ ಇಲ್ಲ. ಮಲ ಕಪ್ಪಗೆ ಹೋಗುವುದು ಕಬ್ಬಿಣದ್ದೇ, ಅದಕ್ಕೆ ಗಾಬರಿಯಾಗಬೇಡಿ. ಇಪ್ಪತ್ತಾರನೇ ವಾರಕ್ಕೆ 10.8. ಇನ್ನೂ 11 ಮುಟ್ಟಿಲ್ಲ, ಆದರೆ ಏರುತ್ತಿದೆ. ನನ್ನ ಮಟ್ಟಿಗೆ ಯಾವ ಕಂಪನಿಯ ಗುಳಿಗೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ನುಂಗುತ್ತೇವೆ ಅನ್ನುವುದೇ ದೊಡ್ಡದಾಯಿತು. ನಿಮ್ಮ ಡಾಕ್ಟರರನ್ನು ಕೇಳದೆ ಗುಳಿಗೆ ಬದಲಿಸಬೇಡಿ, ಆದರೆ ಹೊತ್ತಿನ ಬಗ್ಗೆ ಖಂಡಿತ ಕೇಳಿ.

ತಪಾಸಣೆಗೆ ಸರ್ಕಾರಿಯೋ ಖಾಸಗಿಯೋ ಅಂತ ಶಾಲೆಯಲ್ಲಿ ಎಲ್ಲರೂ ಕೇಳುತ್ತಾರೆ. ನಾನು ಎರಡೂ ಕಡೆ ಹೋದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ 2016ರಿಂದ ನಡೆದಿದೆ. ಪಾಳಿ ಉದ್ದ, ಒಂದು ಸಲ ಮೂರು ತಾಸು ಕೂತೆ. ಆದರೆ ಬಿಪಿ, ತೂಕ, ರಕ್ತ, ಮೂತ್ರ, ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಇಂಜೆಕ್ಷನ್ ಎಲ್ಲವೂ ಒಂದೇ ಕಡೆ ಮುಗಿಯಿತು. ನಾನು ಹೋದ ಒಂದು ನರ್ಸಿಂಗ್ ಹೋಂನಲ್ಲಿ ಕಾಯುವುದು ಇಪ್ಪತ್ತೇ ನಿಮಿಷ. ಒಳಗೆ ಮೂರು ನಿಮಿಷ. ಗುಳಿಗೆಯನ್ನು ಯಾವ ಹೊತ್ತಿಗೆ ನುಂಗಬೇಕು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ, ಬದಲಿಗೆ ದುಬಾರಿ ಪ್ರೋಟೀನ್ ಪುಡಿ ಬರೆದುಕೊಟ್ಟರು. ಒಂದು ಡಬ್ಬಿ ಮುಗಿಸಿದೆ, ರುಚಿ ಹಿಡಿಸಲಿಲ್ಲ. ಈಗ ಶೇಂಗಾ ಉಂಡಿ, ಮೊಟ್ಟೆ, ಬೇಳೆ.

ಸ್ಕ್ಯಾನಿಂಗ್ ಮಾತ್ರ ಖಾಸಗಿಯಲ್ಲೇ ಮಾಡಿಸಿದೆ. ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ 18ರಿಂದ 20 ವಾರದೊಳಗೆ ಆಗಬೇಕು, ಆ ವಾರ ಸರ್ಕಾರಿಯಲ್ಲಿ ನನಗೆ ದಿನ ಸಿಗಲಿಲ್ಲ. ಡಾಕ್ಟರು ಪರದೆ ನನ್ನ ಕಡೆ ತಿರುಗಿಸಿ ಬೆನ್ನುಮೂಳೆ ತೋರಿಸಿದರು, ಮುತ್ತು ಪೋಣಿಸಿದ ಹಾಗೆ ಇತ್ತು. ಯುಗಾದಿಯ ಆಸುಪಾಸು ಅದು. ಅದಾಗಿ ನಾಲ್ಕೇ ದಿನಕ್ಕೆ, ಮಧ್ಯಾಹ್ನ ಸುಮ್ನೆ ಮಲಗಿದ್ದಾಗ, ಹೊಟ್ಟೆಯೊಳಗೆ ಮೀನು ಬಾಲ ಆಡಿಸಿದಂತೆ ಆಯಿತು. ಗ್ಯಾಸ್ ಇರಬೇಕು ಅಂದುಕೊಂಡೆ. ಮತ್ತೆ ಆಯಿತು. ಯಜಮಾನರಿಗೆ ಫೋನ್ ಹಚ್ಚಿದೆ, ಮಾತೇ ಬರಲಿಲ್ಲ.

ಇನ್ನು ಮಗುವಿನ ಬಟ್ಟೆ. ಇಲ್ಲಿ ಅತ್ತೆಯವರ ಮಾತು ಅಡ್ಡ ಬಂತು. "ಕೂಸು ಬರೋಕ್ಕಿಂತ ಮುಂಚೆ ಹೊಸ ಅರಬಿ ಮನಿಗೆ ತರಬಾರದವ್ವ." ಅವರ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಮೀರುವ ಮನಸ್ಸಾಗಲಿಲ್ಲ. ಹಳೆ ಬಟ್ಟೆಗೆ ಅವರ ಅಡ್ಡಿ ಇರಲಿಲ್ಲ. ಬೇಸಿಗೆ ರಜೆಗೆ ಲಿಂಗಸುಗೂರು ತಾಲ್ಲೂಕಿನ ನನ್ನ ತವರಿಗೆ ಹೋದಾಗ ಅಕ್ಕ ಮೂರು ತಿಂಗಳ ಕೂಸಿನೊಂದಿಗೆ ಅಲ್ಲೇ ಇದ್ದಳು. ಹದಿನೈದು ದಿನ ಆ ಕೂಸಿನ ಬಟ್ಟೆಯ ಜವಾಬ್ದಾರಿ ನಾನೇ ತಗೊಂಡೆ. ಮೂರು ಬಗೆ ಹಾಕಿ ನೋಡಿದೆವು: ಹಳೆ ಧೋತರದ ಲಂಗೋಟಿ, ಒಳಗೆ ಪ್ಯಾಡ್ ಇಡುವ ಬಟ್ಟೆಯ ಡೈಪರ್, ಬಿಸಾಡುವ ಡೈಪರ್.

ಬಿಸಾಡುವುದು ರಾತ್ರಿ ನಿದ್ದೆಗೆ ಬಲು ಅನುಕೂಲ. ಆದರೆ ಸತತ ಮೂರು ರಾತ್ರಿ ಹಾಕಿದ್ದಕ್ಕೆ ಕೂಸಿನ ತೊಡೆಸಂದು ಕೆಂಪಗಾಯಿತು. ಒಂದು ದಿನ ಬರಿಮೈ ಬಿಟ್ಟ ಮೇಲೆ ಇಳಿಯಿತು. ಪ್ಯಾಡಿನದು ನೋಡಲು ಚೆಂದ, ಸೋರುವುದಿಲ್ಲ. ಆದರೆ ಗಡಸು ನೀರಿನಲ್ಲಿ ನಾಲ್ಕು ಸಲ ಒಗೆದ ಮೇಲೆ ಪ್ಯಾಡ್ ರೊಟ್ಟಿಯಂತೆ ಬಿರುಸಾಯಿತು. ಮೇ ತಿಂಗಳಲ್ಲೂ ನೆರಳಲ್ಲಿ ಒಣಗಲು ಆರು ತಾಸು ಬೇಕಾಯಿತು. ನನ್ನ ಕೂಸು ಬರುವುದು ಮಳೆಗಾಲದಲ್ಲಿ, ಆಗ ಎಷ್ಟು ಹೊತ್ತು ಬೇಕು ಯೋಚಿಸಿ.

ಲಂಗೋಟಿ ಅರ್ಧ ತಾಸಿಗೆ ಒಣಗುತ್ತದೆ. ದಿನಕ್ಕೆ ಹದಿನೈದು ಹದಿನಾರು ಬೇಕಾಗುತ್ತವೆ, ಒದ್ದೆಯಾದದ್ದು ತಕ್ಷಣ ಗೊತ್ತಾಗುತ್ತದೆ. ಕೂಸಿಗೆ ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅನ್ನುವುದೂ ಹೀಗೆ ಲೆಕ್ಕ ಸಿಗುತ್ತದೆ ಅಂದಳು ಅಕ್ಕ. ಅಜ್ಜನ ಧೋತರವನ್ನು ಅವ್ವ ಕತ್ತರಿಸುವಾಗ ಪಕ್ಕ ಕೂತಿದ್ದೆ. ಎಷ್ಟು ಸಲ ಒಗೆದದ್ದೋ, ಕೈಗೆ ಹತ್ತಿಯಂತೆ ಹತ್ತುತ್ತಿತ್ತು. ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುತ್ತಿದ್ದವು. ಅವ್ವ ಪ್ರತಿ ಅಂಚನ್ನೂ ಒಳಗೆ ಮಡಚಿ ಹೊಲಿದಳು. ಬಿಟ್ಟ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಲ್ಲುತ್ತದೆ, ಬೆರಳು ಬಾತುಕೊಳ್ಳುತ್ತದೆ. ಹಳೆ ಬಟ್ಟೆ ಬಳಸುವವರು ಇದೊಂದನ್ನು ಮರೆಯಬೇಡಿ. ಈಗ ನನ್ನ ಬಳಿ ನಲವತ್ತು ಲಂಗೋಟಿ ಇವೆ, ಅವ್ವನ ಸೀರೆಯಲ್ಲಿ ಹೊಲಿದ ಎರಡು ಕುಂಚಿಗೆ, ಒಂದು ಕುಲಾಯಿ. ಬಿಸಾಡುವ ಡೈಪರ್ ಒಂದು ಸಣ್ಣ ಪ್ಯಾಕ್ ಸಾಕು, ಪ್ರಯಾಣಕ್ಕೆ. ಅದನ್ನು ಹೆರಿಗೆಯಾದ ಮೇಲೆ ತರುತ್ತೇವೆ.

ನನ್ನ ಬಟ್ಟೆಯ ಬಗ್ಗೆ ಹೆಚ್ಚೇನಿಲ್ಲ. ಬಸುರಿಯರ ಕುರ್ತಾ ಎರಡು ತಗೊಂಡೆ, ಸೀರೆಯನ್ನೇ ಹೊಟ್ಟೆಯ ಮೇಲೆ ಸಡಿಲ ಉಟ್ಟದ್ದು ಶಾಲೆಗೆ ಹೆಚ್ಚು ಹಿತವಾಯಿತು.

ಕೊನೆಯದು, ಹೆರಿಗೆ ಎಲ್ಲಿ ಅನ್ನುವುದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ನಮ್ಮಲ್ಲಿ ಅದರ ಬಗ್ಗೆ ಎರಡು ಮಾತಿಲ್ಲ. ನನಗೂ ಅದೇ ಆಸೆ ಇತ್ತು. ತವರಲ್ಲಿದ್ದಾಗ ಒಂದು ರಾತ್ರಿ ಹನ್ನೊಂದಕ್ಕೆ ತಮ್ಮನ ಜೊತೆ ಆಟೋ ಹತ್ತಿದೆ, ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ ಅಂತ. ನಲವತ್ತೈದು ನಿಮಿಷ. ಅಲ್ಲಿಂದ ರಾಯಚೂರಿಗೆ ಕಳಿಸಿದರೆ ಮತ್ತೆ ಎರಡು ತಾಸಿನ ಮೇಲೆ. ನಮ್ಮ ಬಾಡಿಗೆ ಮನೆಯಿಂದ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನ ರಿಮ್ಸ್ ಆಸ್ಪತ್ರೆಗೆ ಹನ್ನೆರಡು ನಿಮಿಷ. 108 ಎರಡೂ ಕಡೆ ಬರುತ್ತದೆ, ಆದರೆ ದಾರಿ ಅಷ್ಟೇ ಉದ್ದ ಅಲ್ವಾ? ನನ್ನ ರಕ್ತ ಇನ್ನೂ 11 ಮುಟ್ಟಿಲ್ಲ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೆ ನಡುರಾತ್ರಿಯಲ್ಲೂ ರಕ್ತ ಸಿಗುವ ಜಾಗದಲ್ಲಿ, ಕೂಸಿಗೆ ಉಸಿರಿನ ತೊಂದರೆಯಾದರೆ ನೋಡುವವರಿರುವ ಜಾಗದಲ್ಲಿ ನಾನಿರಬೇಕು. ತವರಿನ ಆರೈಕೆಗೆ ಸರಿಸಾಟಿ ಇಲ್ಲ, ಆದರೆ ಆ ಆರೈಕೆ ಬೇಕಾಗುವುದು ಹೆರಿಗೆಯಾದ ಮೇಲೆ. ಅದಕ್ಕೇ ಹೆರಿಗೆ ರಾಯಚೂರಿನಲ್ಲಿ, ಬಾಣಂತನ ತವರಲ್ಲಿ ಅಂತ ಹೇಳಿದೆ.

ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, "ಒಂಬತ್ತರಾಗ ನಾನs ಬರ್ತೀನಿ ಬಿಡು" ಅಂದಳು. ಏಳನೇ ತಿಂಗಳ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ನಾನು ವಾಪಸ್ ಬರುತ್ತೇನೆ. ತೊಟ್ಟಿಲು ಊರಲ್ಲೇ ಇದೆ, ನಾನೂ ಅಕ್ಕನೂ ತಮ್ಮನೂ ಮಲಗಿದ್ದು. ಅದರ ಹಗ್ಗ ಸವೆದಿದೆ. ಹೊಸದನ್ನು ತಮ್ಮ ತರುತ್ತಾನೆ, ಕೂಸು ಹುಟ್ಟಿದ ಸುದ್ದಿ ಮುಟ್ಟಿದ ಮೇಲೆ.