ಮಕ್ಕಳನ್ನು ನಟ್‌ಕ್ರ್ಯಾಕರ್‌ಗೆ ಸೇರಿಸುವ ಮುನ್ನ: ನಮ್ಮೂರಿನ ಬ್ಯಾಲೆ ಶಾಲೆಯ ಬಗ್ಗೆ ಒಂದಿಷ್ಟು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳನ್ನು ಬ್ಯಾಲೆ ನೃತ್ಯಕ್ಕೆ ಕಳಿಸುವ ಕನ್ನಡದ ಮನೆಗಳು ಈಗ ಕಡಿಮೆಯೇನಲ್ಲ. ಆಗಸ್ಟ್ ಕೊನೆಗೆ ಆಡಿಷನ್ ಸೂಚನೆ ಬಂದ ಕೂಡಲೇ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: ಡಿಸೆಂಬರ್‌ನಲ್ಲಿ ಶಾಲೆ ಆಡುವ ‘ನಟ್‌ಕ್ರ್ಯಾಕರ್’ ಬ್ಯಾಲೆಗೆ ಮಗುವನ್ನು ಸೇರಿಸಬಹುದೇ? ನನ್ನ ಮಗಳಿಗೆ ಹನ್ನೊಂದು, ಮಗನಿಗೆ ಏಳು. ಈ ಸಲ ಇಬ್ಬರೂ ಕುಣಿದರು. ಧೈರ್ಯವಾಗಿ ಸೇರಿಸಿ ಎಂದೇ ಹೇಳುತ್ತೇನೆ. ಆದರೆ ಶಾಲೆಯವರು ತಾವಾಗಿ ಹೇಳದ ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಂಡು ಸೇರಿಸಿ.

ಕಥೆ ಸರಳ. ಕ್ರಿಸ್‌ಮಸ್ ಮುನ್ನಾದಿನದ ಔತಣದಲ್ಲಿ ಹುಡುಗಿಯೊಬ್ಬಳಿಗೆ ಬೀಜ ಒಡೆಯುವ ಮರದ ಬೊಂಬೆ ಉಡುಗೊರೆಯಾಗಿ ಸಿಗುತ್ತದೆ. ನಡುರಾತ್ರಿ ಅದಕ್ಕೆ ಜೀವ ಬಂದು ಇಲಿಗಳ ರಾಜನೊಡನೆ ಕಾದಾಡುತ್ತದೆ. ಗೆದ್ದ ಮೇಲೆ ಹಿಮದ ಕಾಡು ದಾಟಿ ಸಿಹಿತಿಂಡಿಗಳ ರಾಜ್ಯಕ್ಕೆ ಪಯಣ. ಚೈಕೋವ್‌ಸ್ಕಿ ಸಂಗೀತ ಕೊಟ್ಟ ಈ ಬ್ಯಾಲೆ 1892ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ, ರಂಗದ ತುಂಬ ಮಕ್ಕಳೇ ಇದ್ದಾರೆ, ಮುಖ್ಯ ನರ್ತಕಿಗೆ ಎರಡನೆಯ ಅಂಕದವರೆಗೆ ಕೆಲಸವೇ ಇಲ್ಲ ಎಂದು ವಿಮರ್ಶಕರು ಗೊಣಗಿದ್ದರು. ಇಂದು ಅಮೆರಿಕದ ಸಣ್ಣಪುಟ್ಟ ಊರುಗಳ ಶಾಲೆಗಳೂ ಇದನ್ನೇ ಆಡುವುದಕ್ಕೆ ಕಾರಣ ಆ ಮಕ್ಕಳೇ. ಈ ದೇಶದಲ್ಲಿ ಇಡೀ ಬ್ಯಾಲೆಯನ್ನು ಮೊದಲು ಆಡಿದ್ದು ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಬ್ಯಾಲೆ ಎಂಬ ತಂಡ, 1944ರಲ್ಲಿ. ಹತ್ತು ವರ್ಷಗಳ ನಂತರ ನ್ಯೂಯಾರ್ಕ್‌ನಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ತಮ್ಮ ಶಾಲೆಯ ಮಕ್ಕಳನ್ನೇ ರಂಗಕ್ಕೆ ತಂದು ಅದನ್ನು ಕಟ್ಟಿದರು.

ನಮ್ಮ ಶಾಲೆಯಲ್ಲಿ ನಾನು ಮೆಚ್ಚಿದ್ದು ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸದೆ ನಿಜವಾದ ಕೆಲಸ ಕೊಡುವುದನ್ನು. ಮಗ ಇಲಿಯ ಪಾತ್ರ ಮಾಡಿದ. ಇಲಿಯ ಮುಖವಾಡದ ತೂತುಗಳಿಂದ ಎದುರಿನದಷ್ಟೇ ಕಾಣುತ್ತದೆ, ಅಕ್ಕಪಕ್ಕ ಏನೂ ತೋರದು. ಹಾಗಾಗಿ ಶಿಕ್ಷಕಿ ಸೆಪ್ಟೆಂಬರ್‌ನಿಂದಲೇ ಎಲ್ಲವನ್ನೂ ಎಂಟರ ಎಣಿಕೆಯಲ್ಲಿ ಕೂರಿಸಿದರು: ಯಾವ ಎಂಟಕ್ಕೆ ಹೊರಡಬೇಕು, ಯಾವ ಎಂಟಕ್ಕೆ ಬೀಳಬೇಕು, ಸತ್ತ ಇಲಿಯನ್ನು ಯಾರು ಎಳೆದೊಯ್ಯಬೇಕು. ನೆಲಕ್ಕೆ ಅಂಟಿಸಿದ್ದ ಬಣ್ಣದ ಟೇಪುಗಳನ್ನು ಕೆಲವು ವಾರಗಳ ನಂತರ ಕಿತ್ತುಹಾಕಿ, ಎಣಿಕೆಯನ್ನೇ ನಂಬಿ ನಡೆಯುವುದನ್ನು ಕಲಿಸಿದರು. ಒಂದು ತಾಲೀಮಿನಲ್ಲಿ ಕತ್ತಿಯೇಟು ತಿಂದು ಬಿದ್ದ ನನ್ನ ಮಗ ಮೂಗು ತುರಿಸಿಕೊಳ್ಳಲು ಕೈಯೆತ್ತಿದ. ಶಿಕ್ಷಕಿ ಸಂಗೀತ ನಿಲ್ಲಿಸಿದರು. ಗದರಲಿಲ್ಲ. ‘ನೀನು ಈಗ ಅಲುಗಾಡಿದರೆ ಯುದ್ಧ ಗೆದ್ದವರು ಯಾರೆಂದು ನೋಡುವವರಿಗೆ ತಿಳಿಯುವುದಿಲ್ಲ’ ಎಂದರು. ಏಳು ವರ್ಷದ ಹುಡುಗನಿಗೂ ಕಾರಣ ಹೇಳಿ ಕಲಿಸುವ ಇಂಥ ಶಿಕ್ಷಕಿಗೆ ಎಷ್ಟು ಫೀಸು ಕೊಟ್ಟರೂ ನನಗೆ ಬೇಸರವಿಲ್ಲ.

ಮಗಳು ಮೊದಲ ಅಂಕದ ಔತಣಕ್ಕೆ ಬಂದ ಮಕ್ಕಳಲ್ಲಿ ಒಬ್ಬಳು. ಆ ಪಾತ್ರಕ್ಕೆ ಹೆಸರಿಲ್ಲ. ಆದರೂ ಅವಳು ಯಾರ ಮಗಳು, ಯಾರ ಬೊಂಬೆ ಕಂಡು ಅವಳಿಗೆ ಹೊಟ್ಟೆಕಿಚ್ಚು, ಯಾವ ಅಜ್ಜಿಯ ಹತ್ತಿರ ದೂರು ಹೇಳುತ್ತಾಳೆ ಎಂಬುದನ್ನೆಲ್ಲ ಕೂತು ಮಾತನಾಡಿ ಗೊತ್ತುಮಾಡಿದ್ದರು.

ನಾನು ಕುಂದಾಪುರದ ಕಡೆಯವಳು. ಅಲ್ಲಿ ಯಕ್ಷಗಾನ ಕಲಿಯುವ ಹುಡುಗರು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ, ಚೌಕಿಯಲ್ಲಿ ದೊಡ್ಡವರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಲೇ ಮೇಲೇರುತ್ತಿದ್ದರು. ಸ್ವಯಂಸೇವಕಿಯಾಗಿ ಇಲ್ಲಿಯ ನೇಪಥ್ಯದಲ್ಲಿ ನಿಂತಾಗ ಅದೇ ಏಣಿ ಕಂಡಿತು. ಸಿಹಿತಿಂಡಿಗಳ ರಾಜ್ಯವಾಳುವ ಶುಗರ್ ಪ್ಲಮ್ ಫೇರಿಯಾಗಿ ಕುಣಿದ ಹೈಸ್ಕೂಲ್ ಹುಡುಗಿ, ತನ್ನ ಪ್ರವೇಶಕ್ಕೆ ಇನ್ನೂ ಹೊತ್ತಿದ್ದಾಗ, ನನ್ನ ಮಗನ ಬಾಲಕ್ಕೆ ಸೇಫ್ಟಿ ಪಿನ್ ಹಾಕಿಕೊಟ್ಟಳು. ತಾನೂ ಇಲಿಯಾಗಿಯೇ ಶುರು ಮಾಡಿದವಳು ಎಂದು ಅವನಿಗೆ ಹೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಅವನದು ಅವಳದೇ ಮಾತು.

ಟೈಟ್ಸ್, ಅಂದರೆ ಕಾಲಿಗೆ ಬಿಗಿಯಾಗಿ ತೊಡುವ ಉಡುಪಿನ ವಿಷಯದಲ್ಲಿ ಶಾಲೆಗೆ ಪೂರ್ತಿ ಅಂಕ. ಗುಲಾಬಿ ಬಣ್ಣವೇ ಆಗಬೇಕೆಂಬ ಹಟವಿಲ್ಲ, ಮಗುವಿನ ಮೈಬಣ್ಣಕ್ಕೆ ಹೊಂದುವುದನ್ನು ತರಬಹುದು. ಕಪ್ಪು ಜನಾಂಗದ ನರ್ತಕರಿಗೆಂದು ಹುಟ್ಟಿದ ನ್ಯೂಯಾರ್ಕಿನ ಬ್ಯಾಲೆ ತಂಡ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ 1970ರ ದಶಕದಲ್ಲೇ ತನ್ನ ನರ್ತಕಿಯರಿಗೆ ಇದನ್ನು ಜಾರಿಗೆ ತಂದಿತ್ತು. ನಮ್ಮ ಕಂದುಬಣ್ಣದ ಹುಡುಗಿಯರ ಕಾಲು ಕಾಲಿನಂತೆಯೇ ಕಾಣಬೇಕು, ಅದು ಸಣ್ಣ ಮಾತಲ್ಲ. ಅಂದಹಾಗೆ, ನಮ್ಮ ಮಕ್ಕಳ ದಟ್ಟ ಕೂದಲಿಗೆ ಶಾಲೆಯ ಪಟ್ಟಿಯಲ್ಲಿರುವ ಪಿನ್ನುಗಳು ಸಾಲುವುದಿಲ್ಲ. ದಪ್ಪ ಪಿನ್ನು, ಗಟ್ಟಿ ಬಲೆ ನೀವೇ ಒಯ್ಯಿರಿ.

ಇನ್ನು ಹಣದ ಮಾತು. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ. ಮಗುವಿಗೆ ಮುನ್ನೂರು ಡಾಲರ್ ಭಾಗವಹಿಸುವ ಶುಲ್ಕ ಎಂದು ಆರಂಭದಲ್ಲೇ ಹೇಳುತ್ತಾರೆ, ಸರಿ. ವೇಷದ ಬಾಡಿಗೆ, ಸ್ವಯಂಸೇವೆ ತಪ್ಪಿಸಿದರೆ ಮುಟ್ಟುಗೋಲು ಹಾಕಿಕೊಳ್ಳುವ ಠೇವಣಿ ಇವೆಲ್ಲ ನವೆಂಬರ್‌ನಲ್ಲಿ ಒಂದೊಂದಾಗಿ ಬರುತ್ತವೆ. ಹೆತ್ತವರೂ ನಲವತ್ತು ಡಾಲರ್ ಕೊಟ್ಟೇ ಒಳಗೆ ಹೋಗಬೇಕು. ವೇಷದ ಅಳತೆ ನೋಡಿ ಮಕ್ಕಳನ್ನು ಎರಡು ತಂಡ ಮಾಡುವುದರಿಂದ ಅಕ್ಕ ಒಂದು ದಿನ, ತಮ್ಮ ಇನ್ನೊಂದು ದಿನ ಕುಣಿದರು. ಟಿಕೆಟೂ ಎರಡು, ಶಾಲೆಯ ವಿಡಿಯೊಗೆ ಕೊಡುವ ಹಣವೂ ಎರಡು. ಸಭಾಂಗಣದಲ್ಲಿ ಮೊಬೈಲ್ ಎತ್ತಬಾರದೆಂಬ ನಿಯಮಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಆದರೆ ಊರಿನಲ್ಲಿ ಕಾಯುತ್ತಿರುವ ಅಜ್ಜ ಅಜ್ಜಿಯರಿಗೆ ತೋರಿಸಲು ಒಂದೇ ಮನೆಯವರಿಂದ ಎರಡು ಸಲ ವಸೂಲಿ ಮಾಡುವುದು ನ್ಯಾಯವಲ್ಲ. ಹುಡುಗರು ಸಿಗುವುದು ಕಷ್ಟವೆಂದು ಅವರಿಗೆ ಅರ್ಧ ಶುಲ್ಕ. ಅದರ ಲಾಭ ನಮಗೂ ಆಯಿತು, ಆದರೂ ಹೇಳುತ್ತೇನೆ: ಅಷ್ಟೇ ಬೆವರು ಸುರಿಸುವ ಹುಡುಗಿಯರಿಗೆ ಇದು ಅನ್ಯಾಯ.

ಎರಡನೆಯ ಅಂಕದ ದೇಶದೇಶದ ನೃತ್ಯಗಳ ಬಗ್ಗೆಯೂ ಹೇಳಬೇಕು. ಚೀನಾದ ಚಹಾ ನೃತ್ಯದಲ್ಲಿ ಚೀನೀಯರನ್ನು ಅಣಕಿಸುವಂತಿದ್ದ ಬೆರಳಿನ ಭಂಗಿಗಳನ್ನು ನ್ಯೂಯಾರ್ಕ್ ಸಿಟಿ ಬ್ಯಾಲೆ 2017ರಲ್ಲಿ ಬದಲಿಸಿತು. ನಮ್ಮ ಶಾಲೆಯಲ್ಲೂ ಈಗ ಅವಿಲ್ಲ, ರಿಬ್ಬನ್ನುಗಳ ಚಂದದ ಕುಣಿತವಿದೆ. ಆದರೆ ಅರೇಬಿಯದ ಕಾಫಿ ನೃತ್ಯದ ಹುಡುಗಿಯರಿಗೆ ಹೊಟ್ಟೆ ಕಾಣುವ ಉಡುಪು ತೊಡಿಸಿ, ಹಣೆಗೆ ನಮ್ಮ ಬಿಂದಿ ಅಂಟಿಸಿದ್ದರು. ಆ ರಾಗದ ಮೂಲ ಜಾರ್ಜಿಯಾ ದೇಶದ ಜೋಗುಳ. ಮಗುವನ್ನು ಮಲಗಿಸುವ ಹಾಡಿಗೆ ಈ ವೇಷ ಏಕೆ? ನಿರ್ದೇಶಕಿಗೆ ಪತ್ರ ಬರೆದೆ. ಮುಂದಿನ ವರ್ಷ ಉಡುಪು ಬದಲಿಸುವುದಾಗಿ ಉತ್ತರಿಸಿದ್ದಾರೆ. ಬೇರೆ ತಾಯಂದಿರೂ ಬರೆದರೆ ಕೆಲಸ ಬೇಗ ಆಗುತ್ತದೆ.

ಧ್ವನಿವರ್ಧಕಗಳು ಕರ್ಕಶವಾಗಿದ್ದವು. ಶುಗರ್ ಪ್ಲಮ್ ಫೇರಿಯ ನೃತ್ಯದಲ್ಲಿ ಸಣ್ಣ ಗಂಟೆಗಳಂತೆ ಕೇಳಬೇಕಾದ ಸೆಲೆಸ್ಟಾ ವಾದ್ಯ ಅದರಲ್ಲಿ ಮುಳುಗಿಹೋಯಿತು. ಹಿಮದ ದೃಶ್ಯ ಮಾತ್ರ ಅದ್ಭುತ. ಮೇಲಿಂದ ಸುರಿಯುವ ಕಾಗದದ ಚೂರುಗಳ ಮೇಲೆ ಜಾರದೆ, ಸಾಲು ಕೆಡದೆ ಕುಣಿದ ಹುಡುಗಿಯರಿಗೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಸೇರಿಸುವುದೆಂದು ನಿಶ್ಚಯಿಸಿದರೆ ಆಡಿಷನ್‌ಗೂ ಮೊದಲೇ ಪೂರ್ತಿ ಖರ್ಚಿನ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಒಡಹುಟ್ಟಿದವರಿದ್ದರೆ ಒಂದೇ ತಂಡಕ್ಕೆ ಹಾಕುವಂತೆ ಅರ್ಜಿಯಲ್ಲೇ ಬರೆಯಿರಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ವಾರಾಂತ್ಯಗಳಲ್ಲಿ ಬೇರೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ. ಊರಿಗೆ ಹೋಗುವ ವಿಮಾನದ ಟಿಕೆಟನ್ನು ಕೊನೆಯ ಪ್ರದರ್ಶನದ ರಾತ್ರಿಗೆ ಮಾಡಿಸದೆ ಎರಡು ದಿನ ಬಿಟ್ಟು ಮಾಡಿಸಿ. ವೇಷಗಳನ್ನು ಒಗೆದು ಹಿಂದಿರುಗಿಸುವ ಕೆಲಸವೂ ನಮ್ಮದೇ.