‘ದಿ ಜನರಲ್’ ಬ್ಲೂ-ರೇ: ಕೀಟನ್‌ನನ್ನು ನೆತ್ತಿಯಿಂದ ಪಾದದವರೆಗೆ ನೋಡಲು

ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನ ಚಿತ್ರ ‘ದಿ ಜನರಲ್’ (1926) ಅಮೆರಿಕದಲ್ಲಿ ಕಾಪಿರೈಟ್ ಕಳಚಿಕೊಂಡು ಎಷ್ಟೋ ಕಾಲವಾಯಿತು. ಹಾಗಾಗಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಬಹುದು, ಮಾರುತ್ತಲೂ ಬಂದಿದ್ದಾರೆ. ಅಗ್ಗದವು ಸಾಮಾನ್ಯವಾಗಿ ನಕಲಿನ ನಕಲು. ಮುಖಕ್ಕೆ ಸುಣ್ಣ ಬಳಿದಂತಾಗಿ ಕಣ್ಣೇ ಕಾಣುವುದಿಲ್ಲ. ನಗದ ಮುಖದ ನಟನಿಗೆ ಕಣ್ಣೂ ಹೋದರೆ ಉಳಿಯುವುದೇನು? ಅಮೆರಿಕದ ಕಿನೋ ಕಂಪನಿ 2009ರಲ್ಲಿ ತಂದ ಬ್ಲೂ-ರೇಗೆ ಆಧಾರ, ಮೂಲ ನೆಗೆಟಿವ್‌ನಿಂದಲೇ ತೆಗೆದ 35 ಮಿ.ಮೀ. ಪ್ರಿಂಟ್. ರೈಲುಹಳಿಯ ಜಲ್ಲಿಯೂ ಎಣಿಸುವಷ್ಟು ಸ್ಪಷ್ಟ.

ಡಿಸ್ಕ್ ಎಷ್ಟು ಒಳ್ಳೆಯದಾದರೂ ಟಿವಿ ಅದನ್ನು ಕೆಡಿಸಬಲ್ಲದು. ಚಿತ್ರದ ಚೌಕಟ್ಟು ಹೆಚ್ಚುಕಡಿಮೆ 4:3, ಇಂದಿನ ಟಿವಿ ಪರದೆ ಅದಕ್ಕಿಂತ ಅಗಲ. ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲೆಂದು ‘ಜೂಮ್’ ಒತ್ತಿದರೆ ತಲೆ, ಪಾದ ಎರಡೂ ಕತ್ತರಿಸಿ ಹೋಗುತ್ತವೆ, ಕೀಟನ್‌ನ ತಮಾಷೆ ಇರುವುದೇ ಪಾದದಲ್ಲಿ. 1895ರಲ್ಲಿ ಕ್ಯಾನ್ಸಸ್‌ನಲ್ಲಿ ಹುಟ್ಟಿದ ಈತ ಅಪ್ಪ-ಅಮ್ಮನ ಜೊತೆ ‘ಥ್ರೀ ಕೀಟನ್ಸ್’ ಎಂಬ ವಾಡೆವಿಲ್ (ಹಾಡು, ಹಾಸ್ಯ, ಕಸರತ್ತುಗಳ ರಂಗಪ್ರದರ್ಶನ) ಆಟದಲ್ಲಿ ಬೆಳೆದವನು. ಅಪ್ಪ ವೇದಿಕೆಯ ಮೇಲೆ ಎತ್ತಿ ಎಸೆಯುತ್ತಿದ್ದ. ಬೀಳುವ ವಿದ್ಯೆಯೂ, ಬಿದ್ದಮೇಲೆ ನಗದಿದ್ದರೆ ಜನ ಹೆಚ್ಚು ನಗುತ್ತಾರೆಂಬ ಗುಟ್ಟೂ ಅಲ್ಲೇ ದಕ್ಕಿದ್ದು. 1917ರಲ್ಲಿ ಹಾಸ್ಯನಟ ರಾಸ್ಕೋ ಆರ್ಬಕಲ್‌ನ ಚಿತ್ರಗಳ ಮೂಲಕ ಸಿನಿಮಾಕ್ಕೆ ಬಂದಾಗ ಈ ವಿದ್ಯೆಯನ್ನೂ ಜೊತೆಗೆ ತಂದ.

‘ದಿ ಜನರಲ್’ನಲ್ಲಿ ಕೀಟನ್ ಓಡುವ ರೈಲು ಎಂಜಿನ್ನಿನ ಮುಂದೆ ಕೂತು ಹಳಿಗೆ ಅಡ್ಡಬಿದ್ದ ಸ್ಲೀಪರ್ ಮರವನ್ನು ಇನ್ನೊಂದು ಮರ ಎಸೆದು ಹಾರಿಸುವ ದೃಶ್ಯ ನೋಡಿ. ಎಸೆತ, ಎಂಜಿನ್ನಿನ ವೇಗ, ಮರದ ತುದಿ ಮೂರೂ ಒಂದೇ ಚೌಕಟ್ಟಿನಲ್ಲಿವೆ. ಅಂಚು ಕತ್ತರಿಸಿದರೆ ಲೆಕ್ಕಾಚಾರವೇ ಮಾಯ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಇಲ್ಲದ ಫ್ರೇಮುಗಳನ್ನು ಅದು ತಾನೇ ಹುಟ್ಟಿಸುವುದರಿಂದ ಓಡುವ ಕಾಲುಗಳ ಸುತ್ತ ಕಲೆಸಿದ ಗೆರೆ ಮೂಡುತ್ತದೆ.

ಕಿನೋ ಡಿಸ್ಕ್‌ನಲ್ಲಿ ಆರಿಸಿಕೊಳ್ಳಲು ಹಿನ್ನೆಲೆ ಸಂಗೀತ ಮೂರು ಬಗೆ: ಕಾರ್ಲ್ ಡೇವಿಸ್, ರಾಬರ್ಟ್ ಇಸ್ರೇಲ್, ಲೀ ಅರ್ವಿನ್ ಅವರದು. ಮೊದಲ ಸಲಕ್ಕೆ ಡೇವಿಸ್‌ನ ವಾದ್ಯವೃಂದವೇ ಸರಿ. ಅರ್ವಿನ್‌ನದು ಹಳೆಯ ಚಿತ್ರಮಂದಿರದ ಆರ್ಗನ್ ಶೈಲಿ, ಅಭ್ಯಾಸವಿಲ್ಲದವರಿಗೆ ಬೇಗ ಬೇಸರ ಬರಬಹುದು.

ಹೆಚ್ಚುವರಿ ಭಾಗದಲ್ಲಿ ಚಿತ್ರೀಕರಣದ ಸ್ಥಳಗಳ ಪರಿಚಯ ಚೆನ್ನಾಗಿದೆ, ನಿರ್ದೇಶಕ ಆರ್ಸನ್ ವೆಲ್ಸ್‌ನ ಮುನ್ನುಡಿಯೂ ಇದೆ. ಆದರೆ ಕೀಟನ್‌ನ ಬದುಕು ತಿಳಿಯಬೇಕೆಂದರೆ ಇಷ್ಟು ಸಾಲದು. ಈ ಚಿತ್ರ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 1928ರಲ್ಲಿ ಎಂಜಿಎಂ ಎಂಬ ದೊಡ್ಡ ಸ್ಟುಡಿಯೋ ಸೇರಿದ ಮೇಲೆ ಕೀಟನ್‌ಗೆ ಸ್ವಂತ ಇಚ್ಛೆಯಂತೆ ಚಿತ್ರ ಮಾಡುವ ಸ್ವಾತಂತ್ರ್ಯವೂ ಹೋಯಿತು.

ಕೊಂಡ ಡಿಸ್ಕ್ ಹೇಗಿದೆಯೆಂದು ನೋಡಲು ಸೇತುವೆ ಕುಸಿಯುವ ದೃಶ್ಯಕ್ಕೆ ಹೋಗಿ. ಅಮೆರಿಕದ ಆರಿಗನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ನಿಜವಾದ ಎಂಜಿನ್ನನ್ನೇ ನದಿಗೆ ಬೀಳಿಸಿದ್ದು. ಹೊಗೆ, ಉರಿಯುವ ಮರ, ನೀರಿನ ತುಂತುರು ಬೇರೆಬೇರೆಯಾಗಿ ಕಂಡರೆ ಡಿಸ್ಕ್ ಇಟ್ಟುಕೊಳ್ಳಿ. ಬಿಳಿ ಮುದ್ದೆಯಾಗಿ ಕಂಡರೆ ಹಿಂದಿರುಗಿಸಿ.